ಸೆರೆಸಿಕ್ಕವನು ಯಾರ ಉಪ್ಪಿನ ಋಣಿ?

(ಸಂಘದ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣದ ಪಾಠ)



ಹೋಟೇಲಿನ ಒಲೆಯ ಮುಂದಿನಿಂದ ನೇರವಾಗಿ ಎದ್ದು ಬಂದವರೂ, ಇನ್ನೆರಡು ತಾಸಿಗೆ ರಾತ್ರಿಯ ಪಾಳಿಗೆ ಹೋಗಬೇಕಾದವರೂ, ಗಿರಣಿಯಲ್ಲಿ ಆಯುಷ್ಯ ಕಳೆದು ಈಗ ಮನೆಯಲ್ಲಿರುವ ಹಿರಿಯರೂ ಈ ಸಭೆಯಲ್ಲಿ ಕೂತಿದ್ದೀರಿ. ಆದ್ದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕಳೆದ ಸಭೆಯಲ್ಲಿ ನಮ್ಮ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕ ರಷ್ಯದ ಸಿಪಾಯಿಗಳಲ್ಲಿ ಅನೇಕರು ತಮ್ಮ ದೇಶವನ್ನು ಆಕ್ರಮಿಸಿದ ಜರ್ಮನ್ ದಂಡಿಗೇ ಸೇರಿ ಕೆಲಸ ಮಾಡಿದರಂತೆ. ಅವರನ್ನು ಏನೆಂದು ಕರೆಯಬೇಕು, ದ್ರೋಹಿಗಳೆಂದೇ? ಇದು ಅವರ ಪ್ರಶ್ನೆ. ಅಂದು ಹೊತ್ತಾಗಿದ್ದುದರಿಂದ ಉತ್ತರ ಕೊಡುವುದು ಸಾಧ್ಯವಾಗಲಿಲ್ಲ. ಇಂದು ಅದಕ್ಕೆ ನಮ್ಮ ಶಕ್ತಿಯಿದ್ದಷ್ಟು ಉತ್ತರ ಹೇಳಲು ಪ್ರಯತ್ನಿಸುತ್ತೇವೆ. ಆದರೆ ರಷ್ಯಕ್ಕೆ ಹೋಗುವ ಮೊದಲು ನಮ್ಮ ನೆರೆಯ ಕೇರಳಕ್ಕೆ ಹೋಗಬೇಕು. ಏಕೆಂದರೆ ಇದೇ ಪ್ರಶ್ನೆ ಕೊಚ್ಚಿ, ತಿರುವನಂತಪುರಗಳ ಚರಿತ್ರೆಯಲ್ಲಿ ಎರಡು ಸಲ ಎದ್ದಿದೆ. ಮನೆಯ ಹತ್ತಿರದ ಉದಾಹರಣೆಯನ್ನು ಮೊದಲು ನೋಡಿದರೆ ದೂರದ್ದು ತಾನಾಗಿ ತಿಳಿಯುತ್ತದೆ.

‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದವರು. ಒಳ್ಳೆಯ ಮಾತು, ಅದನ್ನು ಅಲ್ಲಗಳೆಯಲು ನಾವು ಇಲ್ಲಿ ನಿಂತಿಲ್ಲ. ಆದರೆ ಒಬ್ಬ ಸಿಪಾಯಿಯನ್ನು ಅವನ ಒಡೆಯ ಪರದೇಶದ ದಡದಲ್ಲಿ ಇಳಿಸಿ, ಸೋಲು ಬಂದಾಗ ಅಲ್ಲಿಯೇ ಬಿಟ್ಟುಬಿಟ್ಟನೆನ್ನಿ. ವೈರಿ ಅವನನ್ನು ಹಿಡಿದು, ಒಂದು ಕೈಯಲ್ಲಿ ಗಂಜಿಯನ್ನೂ ಇನ್ನೊಂದು ಕೈಯಲ್ಲಿ ಬಂದೂಕನ್ನೂ ಇಟ್ಟುಕೊಂಡು ‘ನಮ್ಮ ಕಡೆಗೆ ಬರುತ್ತೀಯೋ?’ ಎಂದು ಕೇಳಿದನೆನ್ನಿ. ಆಗ ಆ ಸಿಪಾಯಿ ಯಾರ ಉಪ್ಪಿನ ಋಣಿ?

ಕೊಳಚ್ಚಲಿನ ಕೈದಿ

ಕೊಚ್ಚಿಯ ಕೋಟೆಯನ್ನು 1663ರಲ್ಲಿ ಡಚ್ ಕಂಪೆನಿಯವರು ಪೋರ್ಚುಗೀಜರಿಂದ ಕಿತ್ತುಕೊಂಡರು. ಈ ಡಚ್ ಕಂಪೆನಿ 1602ರಲ್ಲಿ ಹುಟ್ಟಿದ್ದು. ಇಂಗ್ಲಿಷರ ಕಂಪೆನಿಯ ಹಾಗೆಯೇ ವ್ಯಾಪಾರಕ್ಕೆ ಬಂದು, ವ್ಯಾಪಾರ ಕಾಯಲು ಕೋಟೆ, ಕೋಟೆ ಕಾಯಲು ದಂಡು ಎಂದು ಬೆಳೆದದ್ದು. ಅವರಿಗೆ ಬೇಕಾದದ್ದು ಕರಿಮೆಣಸು. ಮಲೆಯಾಳದ ಸಣ್ಣ ಸಣ್ಣ ರಾಜರುಗಳೊಡನೆ ಕರಾರು ಮಾಡಿಕೊಂಡು, ತಾವು ಹೇಳಿದ ಬೆಲೆಗೇ ಮೆಣಸು ಸಿಗುವಂತೆ ಮಾಡಿಕೊಂಡಿದ್ದರು.

1729ರಲ್ಲಿ ತಿರುವಾಂಕೂರಿನ ಪಟ್ಟಕ್ಕೆ ಮಾರ್ತಾಂಡವರ್ಮ ಬಂದ. ಆಗ ರಾಜಧಾನಿ ಪದ್ಮನಾಭಪುರ. ಕುಲದೇವರು ತಿರುವನಂತಪುರದ ಅನಂತಪದ್ಮನಾಭ. ತುಳುನಾಡಿನ ಮೂಲದ ಅರ್ಚಕ ಮನೆತನಗಳು ಪೂಜೆ ನಡೆಸಿಕೊಂಡು ಬಂದಿರುವ ಗುಡಿ ಅದು. ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಸದಸ್ಯರಿಗೆ ಇದು ಹೊಸ ಮಾತಲ್ಲ. ಮಾರ್ತಾಂಡವರ್ಮ ಒಂದೊಂದಾಗಿ ನೆರೆಯ ರಾಜ್ಯಗಳನ್ನು ನುಂಗುತ್ತ ಬಂದ. ಅಲ್ಲಿಯ ಮೆಣಸೂ ಅವನ ಕೈಗೆ ಬರತೊಡಗಿತು. ಕಂಪೆನಿಗೆ ಉರಿ ಹತ್ತಿತು. ಸಿಂಹಳದ ಡಚ್ ಗವರ್ನರನಾಗಿದ್ದ ವಾನ್ ಇಮ್ಹಾಫ್ 1739ರಲ್ಲಿ ಬಂದು ರಾಜನನ್ನು ಬೆದರಿಸಿ ನೋಡಿದ. ರಾಜ ಬಗ್ಗಲಿಲ್ಲ. ಕೊನೆಗೆ ಸಿಂಹಳದಿಂದ ಹಡಗುಗಳು ಬಂದು ಕೊಳಚ್ಚಲ್ ಎಂಬ ಕಡಲೂರಿನಲ್ಲಿ ದಂಡನ್ನು ಇಳಿಸಿದವು.

ಆ ದಂಡಿನಲ್ಲಿದ್ದವರು ಯಾರು? ಎಲ್ಲರೂ ಡಚ್ಚರಲ್ಲ. ಕಂಪೆನಿಯ ಸಿಪಾಯಿಗಳಲ್ಲಿ ದೊಡ್ಡ ಪಾಲು ಯೂರೋಪಿನ ಬೇರೆ ಬೇರೆ ದೇಶಗಳ ಬಡವರು. ಆಮ್‌ಸ್ಟರ್‌ಡಾಮಿನಲ್ಲಿ ಇಂಥವರಿಗೆ ಸಾಲದ ಮೇಲೆ ಅನ್ನ, ವಸತಿ ಕೊಟ್ಟು, ಹಡಗು ಹತ್ತಿಸಿ, ಮುಂದಿನ ಸಂಬಳದಿಂದ ಆ ಸಾಲವನ್ನು ಹಿಡಿದುಕೊಳ್ಳುವ ದಲ್ಲಾಳಿಗಳಿದ್ದರು. ಜನ ಅವರನ್ನು ‘ಆತ್ಮ ಮಾರುವವರು’ ಎಂದು ಕರೆಯುತ್ತಿದ್ದರು. ಊರಿನಿಂದ ಮುಂಗಡ ಕೊಟ್ಟು ಕರೆತರುವ ಮುಕಾದಮನನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1741ರ ಆಗಸ್ಟಿನಲ್ಲಿ ಮಾರ್ತಾಂಡವರ್ಮನ ಸೈನ್ಯ ಕೊಳಚ್ಚಲನ್ನು ಮುತ್ತಿತು. ತೋಪಿನ ಗುಂಡೊಂದು ಡಚ್ಚರ ಪಾಳೆಯದ ಮದ್ದಿನ ಪೀಪಾಯಿಗೆ ಬಿದ್ದು, ಬೆಂಕಿಯೆದ್ದು, ಅಕ್ಕಿಯ ದಾಸ್ತಾನೆಲ್ಲ ಸುಟ್ಟುಹೋಯಿತು. ಸಹಾಯ ಬರಬೇಕಾಗಿದ್ದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕಂಪೆನಿ ಜಾವಾದ ಯುದ್ಧದಲ್ಲಿ ಮುಳುಗಿತ್ತು. ಜಾವಾ ಹೆಚ್ಚು ಲಾಭದ ನಾಡು. ಕೊಳಚ್ಚಲಿನ ಸಿಪಾಯಿಗಳು ಅದಕ್ಕೆ ಹೋಲಿಸಿದರೆ ಸಣ್ಣ ಲೆಕ್ಕ. ದಂಡು ಬರಲಿಲ್ಲ. ಹಸಿದವರು ಶರಣಾದರು. ಹೀಗೆ ಸೆರೆಸಿಕ್ಕ ಯೂರೋಪಿಯನರಲ್ಲಿ ಯುಸ್ಟಾಷಿಯಸ್ ಡಿಲನಾಯ್ ಎಂಬವನೊಬ್ಬ. ವಯಸ್ಸು ಇಪ್ಪತ್ತೈದರ ಆಸುಪಾಸು.

ಮಾರ್ತಾಂಡವರ್ಮ ಜಾಣ. ಕೈದಿಗಳನ್ನು ಕೊಲ್ಲುವುದರಿಂದ ಬರುವ ಲಾಭಕ್ಕಿಂತ ಅವರ ವಿದ್ಯೆಯಿಂದ ಬರುವ ಲಾಭ ದೊಡ್ಡದೆಂದು ಕಂಡುಕೊಂಡ. ಅವರಿಗೆ ಕೆಲಸ ಕೊಟ್ಟ. ಡಿಲನಾಯ್ ನಾಯರ್ ಪಡೆಗೆ ಯೂರೋಪಿನ ಕವಾಯತು ಕಲಿಸಿದ. ಸಾಲುಗಟ್ಟಿ ಬಂದೂಕು ಹಾರಿಸುವುದನ್ನು ಕಲಿಸಿದ. ಉದಯಗಿರಿಯ ಕೋಟೆಯನ್ನು ಕಲ್ಲಿನಲ್ಲಿ ಬಲಪಡಿಸಿದ. ಅಲ್ಲಿ ತೋಪು ಎರಕಹೊಯ್ಯುವ ಕಾರ್ಖಾನೆ ಹಾಕಿದ. ಆ ಕೋಟೆಯನ್ನು ಜನ ಅವನ ಹೆಸರಿನಿಂದಲೇ ಕರೆಯತೊಡಗಿದರು. ಅವನು ‘ವಲಿಯ ಕಪ್ಪಿತ್ತಾನ್’, ಎಂದರೆ ದೊಡ್ಡ ಕಪ್ತಾನನಾದ. ಕಾಯಂಕುಳಂ, ಅಂಬಲಪ್ಪುಳ ಮೊದಲಾದ ರಾಜ್ಯಗಳು ಒಂದೊಂದಾಗಿ ಬಿದ್ದವು. 1753ರಲ್ಲಿ ಮಾವೇಲಿಕ್ಕರದಲ್ಲಿ ಡಚ್ ಕಂಪೆನಿಯೇ ರಾಜನೊಡನೆ ಒಪ್ಪಂದಕ್ಕೆ ಬಂದು, ಇನ್ನು ಮುಂದೆ ನೆರೆರಾಜರ ಪರವಾಗಿ ಅಡ್ಡ ಬರುವುದಿಲ್ಲವೆಂದು ಒಪ್ಪಿಕೊಂಡಿತು. 1762ರ ಸುಮಾರಿಗೆ ಸಾಮೂದಿರಿಯ ಪಡೆಯನ್ನು ಕೊಚ್ಚಿ ರಾಜ್ಯದಿಂದ ಹೊರದಬ್ಬಲು ತಿರುವಾಂಕೂರಿನ ಸೈನ್ಯ ಉತ್ತರಕ್ಕೆ ನಡೆದಾಗ ಅದರ ಮುಂದಾಳು ಇದೇ ಹಳೆಯ ಕೈದಿ. ಕೊಚ್ಚಿಯ ಕೋಟೆಯ ಮೇಲೆ ಆಗಲೂ ಅವನ ಹಳೆಯ ಒಡೆಯರ ಬಾವುಟವೇ ಹಾರುತ್ತಿತ್ತು.

ಇನ್ನೊಂದು ಮಾತು ನಮ್ಮ ಕನ್ನಡ ನಾಡಿಗೆ ಸಂಬಂಧಿಸಿದ್ದು. ಮೈಸೂರಿನ ದಂಡು ಬಂದೀತೆಂಬ ಅಂಜಿಕೆಯಿಂದ ತಿರುವಾಂಕೂರಿನವರು ಕೊಚ್ಚಿ ಸೀಮೆಯ ಉತ್ತರದಲ್ಲಿ ಕಡಲ ಕಡೆಯಿಂದ ಘಟ್ಟದ ಬುಡದವರೆಗೆ ಸುಮಾರು 48 ಕಿಲೋಮೀಟರ್ ಉದ್ದದ ಮಣ್ಣಿನ ಗೋಡೆಯನ್ನು ಕಟ್ಟಿದರು. ಅದಕ್ಕೆ ನೆಡುಂಕೋಟ್ಟ ಎಂದು ಹೆಸರು. ಅದನ್ನು ಬಲಪಡಿಸಿದವನು ಡಿಲನಾಯ್. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನ ಆ ಗೋಡೆಯ ಮೇಲೆ ಬಿದ್ದಾಗ ಮೊದಲನೆಯ ಪೆಟ್ಟಿಗೆ ಅದು ಮಣಿಯಲಿಲ್ಲ. ಸುಲ್ತಾನನ ಸೈನ್ಯ ಭಾರಿ ನಷ್ಟ ಅನುಭವಿಸಿ ಹಿಂದೆ ಸರಿಯಿತು. 1790ರಲ್ಲಿ ಮತ್ತೆ ಬಂದು ಗೋಡೆಯನ್ನು ಒಡೆದು ಆಲುವದವರೆಗೆ ಹೋದರೂ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಡಿಲನಾಯ್ ಸತ್ತು ಆಗಲೇ ಹನ್ನೆರಡು ವರ್ಷ ಮೀರಿತ್ತು. ಕನ್ನಡ ನಾಡಿನ ಹಳ್ಳಿಗಳಿಂದ ಹೋದ ಎಷ್ಟೋ ಸಿಪಾಯಿಗಳು ಆ ಗೋಡೆಯ ಕಂದಕದಲ್ಲಿ ಮಡಿದರು.

ಡಿಲನಾಯ್ 1777ರ ಜೂನ್ 1ರಂದು ಸತ್ತ. ಉದಯಗಿರಿಯ ಕೋಟೆಯೊಳಗೆ ಅವನ ಗೋರಿ ಇದೆ. ಹೆಂಡತಿಯದೂ, 1765ರಲ್ಲಿ ಕಾಳಗದಲ್ಲಿ ಬಿದ್ದ ಮಗನದೂ ಅಲ್ಲಿಯೇ ಇವೆ. 1956ರ ರಾಜ್ಯ ವಿಂಗಡಣೆಯಲ್ಲಿ ಆ ಸೀಮೆ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿತು. ಗೋರಿಯ ಕಲ್ಲಿನ ಮೇಲೆ ಲ್ಯಾಟಿನಿನಲ್ಲಿಯೂ ತಮಿಳಿನಲ್ಲಿಯೂ ಬರೆದಿದ್ದಾರೆ. ಸುಮಾರು ಮೂವತ್ತೇಳು ವರ್ಷ ರಾಜನಿಗೆ ಪರಮ ನಿಷ್ಠೆಯಿಂದ ದುಡಿದನೆಂಬುದು ಅದರ ಸಾರ.

ನೋಡಿ ಮಿತ್ರರೇ! ಒಡೆಯನನ್ನು ಬದಲಿಸಿದವನ ಗೋರಿಯ ಮೇಲೆ ‘ನಿಷ್ಠೆ’ ಎಂಬ ಶಬ್ದವನ್ನೇ ಕೆತ್ತಿದ್ದಾರೆ. ಕೊಚ್ಚಿಯ ಕೋಟೆಯಲ್ಲಿ ಕೂತಿದ್ದ ಕಂಪೆನಿಯ ಗುಮಾಸ್ತನಿಗೆ ಆ ಕಲ್ಲು ಕೆತ್ತುವ ಕೆಲಸ ಕೊಟ್ಟಿದ್ದರೆ ಯಾವ ಶಬ್ದ ಬರೆಯುತ್ತಿದ್ದನೋ ಊಹಿಸಿಕೊಳ್ಳಿ. ಕೊಳಚ್ಚಲಿನಲ್ಲಿ ಗೆದ್ದವನು ಮಾರ್ತಾಂಡವರ್ಮ. ಆದ್ದರಿಂದ ಕಲ್ಲು ಅವನ ಲೆಕ್ಕದಲ್ಲಿ ಮಾತಾಡುತ್ತದೆ.

ಹಾಗೆಂದು ಡಿಲನಾಯನನ್ನು ಸಂತನೆಂದು ಪೂಜಿಸುವುದೂ ಬೇಡ. ತಿರುವನಂತಪುರಕ್ಕೆ ಅವನು ರಕ್ಷಕ. ಕಾಯಂಕುಳಂನ ರೈತನಿಗೆ ಅವನು ಆಕ್ರಮಣ ಮಾಡಿದ ದಂಡಿನ ನಾಯಕ. ಇನ್ನು ಕೈದಿಯ ಏಳಿಗೆಗೆ ಎಷ್ಟು ಮಿತಿ ಇರುತ್ತದೆಂಬುದಕ್ಕೂ ಅವನ ಬಾಳಿನಲ್ಲಿ ಸಾಕ್ಷಿಯಿದೆ. ಅರಮನೆಯ ಅಧಿಕಾರಿಯಾಗಿದ್ದ ನೀಲಕಂಠ ಪಿಳ್ಳೆ ಅವನ ಸ್ನೇಹದಿಂದ ಕ್ರೈಸ್ತನಾಗಿ ದೇವಸಹಾಯಂ ಎಂಬ ಹೆಸರು ಪಡೆದ. ರಾಜನ ಆಡಳಿತ ಅವನನ್ನು ಸೆರೆಗೆ ಹಾಕಿ, ಹಿಂಸಿಸಿ, 1752ರ ಜನವರಿಯಲ್ಲಿ ಆರಲ್ವಾಯ್‌ಮೊಳಿಯ ಹತ್ತಿರ ಗುಂಡಿಕ್ಕಿ ಕೊಂದಿತು. 2022ರಲ್ಲಿ ರೋಮಿನ ಚರ್ಚು ಅವನನ್ನು ಸಂತನೆಂದು ಸಾರಿತು. ಸೈನ್ಯಕ್ಕೆ ಕವಾಯತು ಕಲಿಸಿದ ದೊಡ್ಡ ಕಪ್ತಾನನಿಗೆ ತನ್ನ ಗೆಳೆಯನನ್ನು ಉಳಿಸಿಕೊಳ್ಳಲಾಗಲಿಲ್ಲ. ಹೊಸ ಒಡೆಯ ಮರ್ಯಾದೆ ಕೊಟ್ಟಾನು, ಹುದ್ದೆ ಕೊಟ್ಟಾನು. ತನ್ನ ಕೈಯಲ್ಲಿರುವ ಹಗ್ಗದ ತುದಿಯನ್ನು ಮಾತ್ರ ಬಿಡಲಾರ.

ಶ್ರೀರಂಗಪಟ್ಟಣದಲ್ಲಿ ನಡೆದದ್ದು

ಇದು ತಿರುವಾಂಕೂರಿನವರೊಬ್ಬರೇ ಮಾಡಿದ್ದಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಇಂಗ್ಲಿಷರ ದಂಡನ್ನು ಹೈದರಾಲಿ, ಟಿಪ್ಪು ಇಬ್ಬರೂ ಸೇರಿ ಪುಡಿಮಾಡಿದರು. ಕರ್ನಲ್ ಬೇಲಿ ಮತ್ತು ಅವನ ಸಿಪಾಯಿಗಳು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಬೇಲಿ 1782ರಲ್ಲಿ ಅಲ್ಲಿಯೇ ಸತ್ತ. ಅವನ ಹೆಸರಿನ ಸೆರೆಮನೆಯನ್ನು ನಿಮ್ಮಲ್ಲಿ ಕೆಲವರು ಪ್ರವಾಸ ಹೋದಾಗ ನೋಡಿರಬಹುದು. ಎಳೆಯ ವಯಸ್ಸಿನ ಇಂಗ್ಲಿಷ್ ಕೈದಿಗಳನ್ನು ಮತಾಂತರಗೊಳಿಸಿ ‘ಚೇಲಾ’ ಪಟಾಲಮುಗಳಿಗೆ ಸೇರಿಸಿ ಕವಾಯತು ಕಲಿಸಲು ಹಚ್ಚಿದರು. ಮಲಬಾರಿನಿಂದ, ಕೊಡಗಿನಿಂದ ಹಿಡಿದು ತಂದ ತರುಣರಿಗೂ ಇಂಥದೇ ಗತಿಯಾಯಿತು.

ಆ ಹುಡುಗರಲ್ಲಿ ಜೇಮ್ಸ್ ಸ್ಕರಿ ಎಂಬವನೊಬ್ಬ ಹತ್ತು ವರ್ಷ ಸೆರೆಯಲ್ಲಿದ್ದು ತಪ್ಪಿಸಿಕೊಂಡು ತನ್ನವರನ್ನು ಸೇರಿದ. ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದು, ಚಾಕು ಮುಳ್ಳುಗಳಿಂದ ಉಣ್ಣುವುದು ಮರೆತುಹೋಗಿತ್ತಂತೆ. ಇಂಗ್ಲಿಷೂ ಮುರುಕು ಮುರುಕಾಗಿತ್ತಂತೆ. ಇಂಥ ಹುಡುಗನನ್ನು ಹಿಡಿದು ‘ನೀನು ಯಾರ ಕಡೆಯವನು?’ ಎಂದು ಕೇಳಿದರೆ ಏನು ಹೇಳಿಯಾನು? 1784ರ ಮಂಗಳೂರು ಒಪ್ಪಂದದಲ್ಲಿ ಕೈದಿಗಳನ್ನು ಬಿಡಬೇಕೆಂಬ ಕರಾರಿತ್ತು. ಈ ಹುಡುಗರಲ್ಲಿ ಅನೇಕರಿಗೆ ಆ ಬಿಡುಗಡೆ ಒದಗಲಿಲ್ಲ. ಅವರನ್ನು ಕಳಿಸಿದ ಕಂಪೆನಿ ಉಳಿದ ಲೆಕ್ಕ ಚುಕ್ತಾ ಮಾಡಿಕೊಂಡು ತನ್ನ ವ್ಯಾಪಾರಕ್ಕೆ ಮರಳಿತು.

ರಷ್ಯದ ಸೆರೆಯಾಳುಗಳು

ಈಗ ಸದಸ್ಯರು ಕೇಳಿದ ಪ್ರಶ್ನೆಗೆ ಬರೋಣ. 1941ರ ಜೂನ್ 22ರಂದು ಹಿಟ್ಲರನ ಜರ್ಮನಿ ಸೋವಿಯತ್ ರಷ್ಯದ ಮೇಲೆ ಬಿತ್ತು. ಮೊದಲ ಆರು ತಿಂಗಳಲ್ಲೇ ಲಕ್ಷಾಂತರ ಸಿಪಾಯಿಗಳು ಸುತ್ತುವರಿಯಲ್ಪಟ್ಟು ಸೆರೆಸಿಕ್ಕರು. ಯುದ್ಧದ ಕೊನೆಯವರೆಗೆ ಒಟ್ಟು ಸುಮಾರು 57 ಲಕ್ಷ ಜನ ಜರ್ಮನರ ಕೈಗೆ ಸಿಕ್ಕರೆಂದೂ, ಅವರಲ್ಲಿ ಸುಮಾರು 33 ಲಕ್ಷ ಜನ ಸತ್ತರೆಂದೂ ಚರಿತ್ರಕಾರರ ಅಂದಾಜು. ನೂರಕ್ಕೆ ಐವತ್ತಕ್ಕಿಂತ ಹೆಚ್ಚು! ಬಹುಮಂದಿ ಗುಂಡಿನಿಂದ ಸಾಯಲಿಲ್ಲ. ಮುಳ್ಳುತಂತಿ ಸುತ್ತಿದ ಬಯಲಿನಲ್ಲಿ, ಮಂಜಿನಲ್ಲಿ, ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅವರನ್ನು ಹಸಿವಿನಿಂದ ಸಾಯಲು ಬಿಟ್ಟದ್ದು ಜರ್ಮನ್ ಆಡಳಿತ ಕಣ್ಣುಬಿಟ್ಟೇ ಮಾಡಿದ ಕೆಲಸ.

ಅತ್ತ ಅವರ ಸ್ವಂತ ಸರಕಾರ ಏನು ಮಾಡಿತು? ಯುದ್ಧಕೈದಿಗಳ ರಕ್ಷಣೆಗಾಗಿ 1929ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದಕ್ಕೆ ಸೋವಿಯತ್ ಸರಕಾರ ಸಹಿ ಹಾಕಿರಲಿಲ್ಲ. 1941ರ ಆಗಸ್ಟ್ 16ರಂದು ಸ್ಟಾಲಿನ್ 270ನೆಯ ಆಜ್ಞೆ ಹೊರಡಿಸಿ, ಶರಣಾಗುವ ಅಧಿಕಾರಿಗಳನ್ನು ಓಡಿಹೋದ ಪಾತಕಿಗಳೆಂದು ಎಣಿಸಿ ಅವರ ಮನೆಯವರನ್ನು ಬಂಧಿಸಬೇಕೆಂದೂ, ಶರಣಾದ ಸಿಪಾಯಿಗಳ ಮನೆಯವರಿಗೆ ಸರಕಾರದ ನೆರವು ನಿಲ್ಲಿಸಬೇಕೆಂದೂ ಹೇಳಿದ. ಹಿಂದೆ ಒಡೆಯನ ಶಾಪ, ಮುಂದೆ ವೈರಿಯ ಹಸಿವಿನ ಬಯಲು. ನಡುವೆ ನಿಂತವನು ಹಳ್ಳಿಯಿಂದ ಬಂದ ಬಡ ಸಿಪಾಯಿ.

ಇಂಥವರಲ್ಲಿ ಲಕ್ಷಗಟ್ಟಲೆ ಜನ ಜರ್ಮನರ ಕೆಲಸಕ್ಕೆ ಸೇರಿದರು. ಅವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಕೆಲವರು ಜರ್ಮನ್ ಪಟಾಲಮುಗಳಲ್ಲಿ ಅಡಿಗೆಯವರಾಗಿ, ಗಾಡಿ ಹೊಡೆಯುವವರಾಗಿ, ಕುದುರೆ ನೋಡುವವರಾಗಿ ಒಂದು ತುತ್ತು ಅನ್ನ ಗಳಿಸಿ ಜೀವ ಉಳಿಸಿಕೊಂಡರು. ಕೆಲವರು ಸ್ಟಾಲಿನ್ನನ ಆಳಿಕೆಯನ್ನು ಮನಸಾರೆ ದ್ವೇಷಿಸಿ ಸೇರಿದರು. 1942ರ ಜುಲೈಯಲ್ಲಿ ಸೆರೆಸಿಕ್ಕ ಜನರಲ್ ವ್ಲಾಸೋವ್ ಇಂಥವರ ಮುಂದಾಳಾದ. ಅವನ ಹೆಸರಿನ ದಂಡಿನ ಒಂದು ವಿಭಾಗ 1945ರ ಮೇಯಲ್ಲಿ ಪ್ರಾಗ್ ನಗರದಲ್ಲಿ ಜನ ಬಂಡೆದ್ದಾಗ ಜರ್ಮನರ ಮೇಲೆಯೇ ತಿರುಗಿಬಿತ್ತು. ಆದರೂ 1946ರ ಆಗಸ್ಟ್ 1ರಂದು ಮಾಸ್ಕೋದಲ್ಲಿ ವ್ಲಾಸೋವನನ್ನು ಗಲ್ಲಿಗೇರಿಸಿದರು.

ಮೂರನೆಯ ಬಗೆಯವರು ಬೇರೆ. ಪೋಲೆಂಡಿನ ಟ್ರಾವ್ನಿಕಿ ಎಂಬಲ್ಲಿ ಜರ್ಮನರು ಸೋವಿಯತ್ ಸೆರೆಯಾಳುಗಳನ್ನು ಆರಿಸಿ ತಂದು ಕಾವಲುಗಾರರಾಗಿ ತರಬೇತು ಕೊಟ್ಟರು. ಟ್ರೆಬ್ಲಿಂಕಾ, ಸೊಬಿಬೋರ್, ಬೆಲ್ಜೆಕ್ ಎಂಬ ಕೊಲೆಯ ಶಿಬಿರಗಳಲ್ಲಿ ಯೆಹೂದಿ ಹೆಂಗಸರನ್ನೂ ಮಕ್ಕಳನ್ನೂ ರೈಲಿನಿಂದ ಇಳಿಸಿ ವಿಷವಾಯುವಿನ ಕೋಣೆಗೆ ದಬ್ಬುವ ಕೆಲಸದಲ್ಲಿ ಇವರು ಪಾಲುಗೊಂಡರು. ಇವರೂ ನಿನ್ನೆಯವರೆಗೆ ಹಸಿದಿದ್ದ ಕೈದಿಗಳೇ.

ಆದರೆ ಅದೇ ಸೊಬಿಬೋರಿಗೆ 1943ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಸೋವಿಯತ್ ಸೆರೆಯಾಳನ್ನು ತಂದರು. ಅಲೆಕ್ಸಾಂಡರ್ ಪೆಚೆರ್ಸ್ಕಿ ಅವನ ಹೆಸರು, ಯೆಹೂದಿ. ಬಂದು ಒಂದು ತಿಂಗಳೊಳಗೆ, ಅಕ್ಟೋಬರ್ 14ರಂದು, ಶಿಬಿರದ ಕೈದಿಗಳನ್ನು ಕೂಡಿಸಿ ದಂಗೆಯೆಬ್ಬಿಸಿದ. ಜರ್ಮನ್ ಅಧಿಕಾರಿಗಳಲ್ಲಿ ಹಲವರನ್ನು ಕೊಂದು ಸುಮಾರು 300 ಜನ ತಂತಿಬೇಲಿ ದಾಟಿ ಓಡಿದರು. ಬೇಲಿಯ ಹೊರಗಿನ ಗೋಪುರದಿಂದ ಅವರ ಮೇಲೆ ಗುಂಡು ಹಾರಿಸಿದವರಲ್ಲಿ ಅವನದೇ ಸೈನ್ಯದ ಹಳೆಯ ಸಿಪಾಯಿಗಳಿದ್ದರು. ಒಂದೇ ಸೈನ್ಯ, ಒಂದೇ ಸೆರೆ, ಅದೇ ಹಸಿವು. ಒಬ್ಬ ಬೇಲಿಯ ಒಳಗೆ, ಇನ್ನೊಬ್ಬ ಗೋಪುರದ ಮೇಲೆ.

ವಕ್ಕಂನ ತರುಣ

ನಮ್ಮವರಿಗೂ ಈ ಪರೀಕ್ಷೆ ಬಂತು. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಎರಡು ದಿನದ ಮೇಲೆ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸಿಪಾಯಿಗಳನ್ನು, ನಲವತ್ತು ಸಾವಿರದಷ್ಟು ಜನರನ್ನು, ಬಿಳಿಯ ಸಿಪಾಯಿಗಳಿಂದ ಬೇರ್ಪಡಿಸಿ ನಿಲ್ಲಿಸಿದರು. ಒಬ್ಬ ಇಂಗ್ಲಿಷ್ ಅಧಿಕಾರಿ ಅವರನ್ನು ಜಪಾನಿನ ಮೇಜರನ ವಶಕ್ಕೆ ಒಪ್ಪಿಸಿ ಹೋದ. ದನಗಳನ್ನು ಸಂತೆಯಲ್ಲಿ ಹಗ್ಗ ಬದಲಿಸಿದ ಹಾಗೆ ಆಯಿತು. ಜಪಾನಿನ ಮೇಜರ್ ಅವರನ್ನು ಕ್ಯಾಪ್ಟನ್ ಮೋಹನ ಸಿಂಗನ ಕೈಗೆ ಕೊಟ್ಟ. ಹೀಗೆ ಆಜಾದ್ ಹಿಂದ್ ಫೌಜಿಗೆ ಬುನಾದಿ ಬಿತ್ತು.

ಸಾವಿರಾರು ಜನ ಸೇರಿದರು; ಸಾವಿರಾರು ಜನ ಸೇರಲಿಲ್ಲ. ಸೇರದವರಲ್ಲಿ ಅನೇಕರನ್ನು ಜಪಾನಿನವರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿದರು; ಹಸಿವು, ರೋಗ, ಹೊಡೆತಗಳಿಂದ ಅವರಲ್ಲಿ ಬಹುಮಂದಿ ಅಲ್ಲಿಯೇ ಮಣ್ಣಾದರು. ಸೇರಿದ ಮೋಹನ ಸಿಂಗನೂ ಜಪಾನಿನ ಕೈಗೊಂಬೆಯಾಗಲಿಲ್ಲ. ತನ್ನ ಸೈನ್ಯವನ್ನು ಸರಿಸಮಾನವಾಗಿ ಕಾಣಬೇಕೆಂದು ಹಟ ಹಿಡಿದು, 1942ರ ಡಿಸೆಂಬರಿನಲ್ಲಿ ಜಪಾನಿನವರ ಸೆರೆಯನ್ನೇ ಸೇರಿದ. 1943ರ ಜುಲೈಯಲ್ಲಿ ಸುಭಾಷಚಂದ್ರ ಬೋಸರು ಬಂದ ಮೇಲೆ ಫೌಜು ಮತ್ತೆ ತಲೆಯೆತ್ತಿತು. ಆದರೆ ಜಪಾನು ಬಿಡುಗಡೆಯ ದೇವರಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಮಲಯಾದ ರಬ್ಬರು ತೋಟಗಳಿಂದ ತಮಿಳು ಕೂಲಿಗಳನ್ನು ಸಾವಿರಗಟ್ಟಲೆ ಎಳೆದೊಯ್ದು ಸಯಾಮ್ ಮತ್ತು ಬರ್ಮಾ ನಡುವಿನ 415 ಕಿಲೋಮೀಟರ್ ರೈಲುದಾರಿಯ ಕೆಲಸದಲ್ಲಿ ಸಾಯಿಸಿದ್ದು ಅದೇ ಜಪಾನು.

ತಿರುವನಂತಪುರದ ಉತ್ತರಕ್ಕೆ ವಕ್ಕಂ ಎಂಬ ಊರು. ಅಲ್ಲಿ 1917ರಲ್ಲಿ ಹುಟ್ಟಿದ ಅಬ್ದುಲ್ ಖಾದರ್ ಸಿಪಾಯಿಯೇನೂ ಅಲ್ಲ. ಹೊಟ್ಟೆಪಾಡಿಗಾಗಿ ಮಲಯಾಕ್ಕೆ ಹೋದ ತರುಣ, ನಾವು ಮುಂಬಯಿಗೆ ಬಂದ ಹಾಗೆ. ಅವನಿದ್ದ ನಾಡನ್ನು ಜಪಾನು ಆಕ್ರಮಿಸಿತು. ಅವನು ಪಿನಾಂಗಿನ ಸ್ವರಾಜ್ ತರಬೇತು ಶಾಲೆಗೆ ಸೇರಿದ. 1942ರ ಸೆಪ್ಟೆಂಬರಿನಲ್ಲಿ ಜಪಾನಿನ ಜಲಾಂತರ್ಗಾಮಿ ನೌಕೆಯಲ್ಲಿ ಬಂದು, ಸಂಗಡಿಗರೊಡನೆ ಮಲಬಾರಿನ ತಾನೂರಿನ ಕಡಲತೀರದಲ್ಲಿ ಇಳಿದ. ಬ್ರಿಟಿಷ್ ಆಳಿಕೆಯ ವಿರುದ್ಧ ಒಳಗಿನಿಂದ ಕೆಲಸ ಮಾಡುವುದು ಉದ್ದೇಶ. ಪೊಲೀಸರು ಹಿಡಿದರು. ಮದರಾಸಿನಲ್ಲಿ ವಿಚಾರಣೆಯಾಯಿತು. 1943ರ ಸೆಪ್ಟೆಂಬರ್ 10ರಂದು ಮದರಾಸಿನ ಸೆರೆಮನೆಯಲ್ಲಿ ಖಾದರ್, ಅನಂತನ್ ನಾಯರ್, ಸತ್ಯೇಂದ್ರಚಂದ್ರ ಬರ್ಧನ್, ಫೌಜಾ ಸಿಂಗ್ ಈ ನಾಲ್ವರನ್ನು ಗಲ್ಲಿಗೇರಿಸಿದರು. ಖಾದರನಿಗೆ ಆಗ ಇಪ್ಪತ್ತಾರು ವರ್ಷ. ವೈರಿಯ ಗೂಢಚಾರನೆಂದು ಅಂದಿನ ಸರಕಾರ ಅವನನ್ನು ಕೊಂದಿತು. 1998ರಲ್ಲಿ ಭಾರತ ಸರಕಾರ ಅವನ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಶಾನವಾಜ್ ಖಾನ್, ಸಹಗಲ್, ಧಿಲ್ಲೋನ್ ಮೂವರ ಮೇಲೆ ಮೊಕದ್ದಮೆ ನಡೆಯಿತು. ಅವರ ಪರವಾಗಿ ವಾದಿಸಿದವರು ನಮ್ಮ ಈ ಮುಂಬಯಿಯ ವಕೀಲರಾದ ಭೂಲಾಭಾಯಿ ದೇಸಾಯಿ. ದಾಸ್ಯದಲ್ಲಿರುವ ಜನಕ್ಕೆ ತಮ್ಮ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕಿದೆ ಎಂಬುದು ಅವರ ವಾದದ ತಿರುಳು. ಶಿಕ್ಷೆಯೇನೋ ವಿಧಿಸಿದರು, ಆದರೆ ಜನರ ಸಿಟ್ಟನ್ನು ಕಂಡು 1946ರ ಜನವರಿಯಲ್ಲಿ ಮೂವರನ್ನೂ ಬಿಟ್ಟುಬಿಟ್ಟರು. ಮರುತಿಂಗಳು ಇದೇ ಊರಿನಲ್ಲಿ ನೌಕಾದಳದವರು ಬಂಡೆದ್ದಾಗ ಅವರ ಬೇಡಿಕೆಗಳಲ್ಲಿ ಫೌಜಿನ ಕೈದಿಗಳ ಬಿಡುಗಡೆಯೂ ಒಂದು. ಫೆಬ್ರುವರಿ 22ರಂದು ಗಿರಣಿಗಳು ನಿಂತವು, ಕಾರ್ಮಿಕರು ಬೀದಿಗಿಳಿದರು. ಆ ದಿನಗಳ ಗೋಲೀಬಾರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸೆರೆಸಿಕ್ಕವರು ದ್ರೋಹಿಗಳಲ್ಲವೆಂದು ಗಿರಣಿಯ ಜನ ಪ್ರಾಣಕೊಟ್ಟು ತೀರ್ಪು ಹೇಳಿದ ದಿನಗಳು ಅವು. ಇಷ್ಟಾದರೂ ಸ್ವಾತಂತ್ರ್ಯ ಬಂದ ಮೇಲೆ ಫೌಜಿನವರನ್ನು ಭಾರತದ ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ನ್ಯೂಗಿನಿಯಲ್ಲಿ ಸತ್ತವರನ್ನಂತೂ ಯಾರೂ ಮೆರವಣಿಗೆ ಮಾಡಲಿಲ್ಲ.

ಅಳೆಯುವ ಕೋಲು

ಹಾಗಾದರೆ ಗೆದ್ದವನು ಬರೆದದ್ದೇ ಸತ್ಯವೇ? ಗೆದ್ದರೆ ನಿಷ್ಠೆ, ಸೋತರೆ ದ್ರೋಹ, ಇಷ್ಟೇ ಏನು? ನಮಗೆ ಹಾಗೆನಿಸುವುದಿಲ್ಲ. ಬೇರೆ ಅಳತೆಗೋಲಿದೆ.

ಮೊದಲನೆಯದಾಗಿ, ಉಪ್ಪಿನ ಋಣದ ಲೆಕ್ಕವನ್ನು ಸಿಪಾಯಿಯಿಂದ ಕೇಳುವ ಮೊದಲು ಒಡೆಯನಿಂದ ಕೇಳಬೇಕು. ಸಿಪಾಯಿ ತಿಂದ ಉಪ್ಪು ಬಿಟ್ಟಿಯದಲ್ಲ. ತನ್ನ ರಕ್ತವನ್ನು ಅಡವಿಟ್ಟು ತಿಂದದ್ದು. ಕೊಳಚ್ಚಲಿಗೆ ಸಹಾಯ ಕಳಿಸದ ಕಂಪೆನಿ, ಸೆರೆಸಿಕ್ಕವನ ಹೆಂಡತಿಮಕ್ಕಳ ಅನ್ನಕ್ಕೆ ಕೈಹಾಕಿದ ಸ್ಟಾಲಿನ್, ಮೈದಾನದಲ್ಲಿ ಜನರನ್ನು ಎಣಿಸಿ ಒಪ್ಪಿಸಿಹೋದ ಸಾಮ್ರಾಜ್ಯ, ಇವರೆಲ್ಲ ತಮ್ಮ ಕಡೆಯ ಋಣವನ್ನು ಮೊದಲೇ ಮುರಿದವರು. ಒಲೆಯ ಮುಂದೆ ಹದಿನಾಲ್ಕು ತಾಸು ನಿಂತು ಅಡಿಗೆ ಮಾಡಿ ಬಡಿಸಿದ ಹುಡುಗ ಬೇರೆ ಹೋಟೇಲಿಗೆ ಹೊರಟಾಗ ‘ಉಂಡ ಮನೆಗೆ ಎರಡು ಬಗೆದ’ ಎಂದು ಬೈಯುವವರನ್ನು ನೀವೂ ಕಂಡಿದ್ದೀರಿ. ಯಾರು ಯಾರಿಗೆ ಉಣಬಡಿಸಿದರು ಎಂಬ ಲೆಕ್ಕವನ್ನು ಅವರು ತೆಗೆಯುವುದಿಲ್ಲ.

ಎರಡನೆಯದು ಹೆಚ್ಚು ಮುಖ್ಯವಾದದ್ದು. ಒಡೆಯನನ್ನು ಬದಲಿಸುವುದು ಒಂದು. ಜೊತೆಯವನನ್ನು ಮಾರುವುದು ಇನ್ನೊಂದು. ಹಸಿವಿನಲ್ಲಿ ಜರ್ಮನರ ಗಾಡಿ ಹೊಡೆದವನನ್ನು ನಾವು ದ್ರೋಹಿ ಎನ್ನಲಾರೆವು. ಸೊಬಿಬೋರಿನ ಗೋಪುರದಿಂದ ಓಡುವವರ ಬೆನ್ನಿಗೆ ಗುಂಡಿಕ್ಕಿದವನನ್ನು ಕ್ಷಮಿಸಲಾರೆವು. ಹಸಿವು ಇಬ್ಬರಿಗೂ ಒಂದೇ ಆಗಿತ್ತು. ಆದರೆ ಹಸಿವು ಎಷ್ಟರವರೆಗೆ ನೆಪವಾಗಬಹುದೋ ಅದಕ್ಕೊಂದು ಗಡಿಯಿದೆ. ಆ ಗಡಿ ದೇಶಗಳ ನಡುವೆ ಇರುವುದಲ್ಲ. ತನಗಿಂತ ಕೆಳಗೆ ಬಿದ್ದವನ ಮೈಮೇಲೆ ಕಾಲಿಡುವ ಸ್ಥಳದಲ್ಲಿ ಇರುವುದು. ಪೆಚೆರ್ಸ್ಕಿ ಆ ಗಡಿಯನ್ನು ದಾಟಲಿಲ್ಲ. ನ್ಯೂಗಿನಿಗೆ ಹೋದವರೂ ದಾಟಲಿಲ್ಲ. ಮೋಹನ ಸಿಂಗನೂ ದಾಟಲಿಲ್ಲ. ಒಬ್ಬರು ಸೇರದೆ, ಒಬ್ಬರು ಸೇರಿ, ಇಬ್ಬರೂ ಮರ್ಯಾದೆ ಉಳಿಸಿಕೊಂಡರು. ಆದ್ದರಿಂದ ಫೌಜಿಗೆ ಸೇರಿದವರನ್ನು ಹೊಗಳುವಾಗ ಸೇರದವರನ್ನು ಹೇಡಿಗಳೆನ್ನುವುದು ಬೇಡ.

ಡಿಲನಾಯನನ್ನೂ ಇದೇ ಕೋಲಿನಿಂದ ಅಳೆಯಬೇಕು. ಕಂಪೆನಿಯನ್ನು ಬಿಟ್ಟದ್ದಕ್ಕಾಗಿ ಅವನನ್ನು ನಾವು ದೂರುವುದಿಲ್ಲ. ಕಾಯಂಕುಳಂನ ಊರುಗಳಲ್ಲಿ ಅವನ ತೋಪುಗಳು ಏನು ಮಾಡಿದವೋ ಅದಕ್ಕಾಗಿ ಅವನ ಗೋರಿಯ ಮುಂದೆ ಕೈಮುಗಿಯುವಾಗ ಸ್ವಲ್ಪ ತಡೆಯುತ್ತೇವೆ. ಗೆದ್ದವನ ಕಲ್ಲಿನಲ್ಲಿ ಸೋತ ಊರಿನವರ ಮಾತಿಗೆ ಜಾಗ ಇರುವುದಿಲ್ಲ; ಆ ಮಾತನ್ನು ಓದುವವನೇ ಸೇರಿಸಿಕೊಂಡು ಓದಬೇಕು.

ನಮ್ಮ ಸದಸ್ಯರಿಗೆ ಉತ್ತರ ಇಷ್ಟು: ರಷ್ಯದ ಆ ಸೆರೆಯಾಳುಗಳಿಗೆಲ್ಲ ಒಂದೇ ಹೆಸರು ಇಡಬೇಡಿ. ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಕರೆದು, ಕೈಗೆ ಬಂದೂಕು ಬಂದ ಮೇಲೆ ಅದನ್ನು ಯಾರ ಕಡೆಗೆ ತಿರುಗಿಸಿದೆ ಎಂದು ಕೇಳಿ. ಲಕ್ಷಾಂತರ ಜನ ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲೇ ಮಂಜಿನಲ್ಲಿ ಸತ್ತುಹೋದರು. ಮೊದಲು ಅವರನ್ನು ನೆನೆಯೋಣ.

 ಪಾಳಿಗೆ ಹೋಗಬೇಕಾದವರು ಹೊರಡಬಹುದು. ಉಳಿದವರು ಪ್ರಶ್ನೆಗಳನ್ನು ಕೇಳಬಹುದು.